ಪದರದ ಪಕ್ಕದ ಕಣ್ಣು

ದೀಪಾವಳಿ ಸಂಚಿಕೆಗೆಂದು ನನ್ನ ಪರದೆಗೆ ಬಂದಿದೆ
ಸ್ಟೆಲ್ಲಾಳ ಎಡದೋಳು, ನಾಲ್ಕು ಪಟ್ಟು ಹಿಗ್ಗಿ.
ಅದರ ಮೇಲೆ ದುಂಡಗೆ, ಒಳಗೆ ಚೂರು ತಗ್ಗಾಗಿ,
ಘೋಷಾ ಆಸ್ಪತ್ರೆಯಲ್ಲಿ ಹುಟ್ಟಿದ ವಾರ ಚುಚ್ಚಿದ ಲಸಿಕೆಯ ಗುರುತು.
ನನಗೂ ಇದೆ. ಸಂಪಾದಕರಿಗೂ ಇದ್ದೀತು, ತೋಳು ಮಡಚಿದರೆ.
ಕೆಂಪು ಸುತ್ತು ಹಾಕಿ ಬರೆದಿದ್ದಾರೆ: ತೆಗೆಯಿರಿ.

ತೆಗೆಯುವುದು ಅಂದರೆ ತೆಗೆಯುವುದಲ್ಲ,
ಪಕ್ಕದ ಚರ್ಮವನ್ನು ಕಡ ತಂದು ಹೊದಿಸುವುದು.

ಸೊಂಟವನ್ನು ಎರಡು ಬೆರಳು ಒಳಗೆ ತಳ್ಳಿದೆ,
ಹಿಂದಿದ್ದ ಬಾಗಿಲಚೌಕಟ್ಟೂ ಬಾಗಿತು.
ಸೊಂಟಕ್ಕೆ ಒಂದು ನಿಮಿಷ,
ಬಾಗಿಲು ನೆಟ್ಟಗಾಗಲು ಮುಕ್ಕಾಲು ಗಂಟೆ.

ಅವೆನ್ಯೂ ರಸ್ತೆಯ ಮಹಡಿಯಲ್ಲಿ ನನಗೆ ಕೆಲಸ ಕಲಿಸಿದವರು
ಪುಟ್ಟಾಚಾರ್ರು. ನೆಗೆಟಿವ್ ಬೆಳಕಿಗಿಟ್ಟು
ಸೂಜಿಯಂತೆ ಹೆರೆದ ಪೆನ್ಸಿಲ್ಲಿನಲ್ಲಿ
ಸಿಡುಬಿನ ಒಂದೊಂದೇ ಕುಳಿ ತುಂಬುತ್ತಿದ್ದರು.
ಗಂಡಿನ ಕಡೆಗೆ ಕಳಿಸುವ ಫೋಟೊ, ಮೂರು ರೂಪಾಯಿ ಹೆಚ್ಚಿಗೆ.
ಮದುವೆಯಾದ ಎಂಟನೇ ದಿನ ಒಬ್ಬ ಬಂದ.
ಫೋಟೊ ಕೌಂಟರಿನ ಮೇಲಿಟ್ಟು, ಜಗಳವಿಲ್ಲದೆ, ಮೆಲ್ಲಗೆ ಕೇಳಿದ:
"ಇವರು ಎಲ್ಲಿದ್ದಾರೆ?"

ಆಚಾರ್ರು ಕಸುಬು ಬಿಡಲಿಲ್ಲ, ಹೊಟ್ಟೆಪಾಡು. ಆದರೆ ಅಂದಿನಿಂದ
ಪ್ರತಿ ಮುಖದಲ್ಲೂ ಒಂದು ಕುಳಿ ಹಾಗೇ ಬಿಡುತ್ತಿದ್ದರು.
"ಇರಲಿ ಕಣೋ. ಹೆತ್ತವಳಿಗಾದರೂ ಗುರುತು ಸಿಗಬೇಡವೇ?"

ನಾನು ಯಾವುದನ್ನೂ ಬಿಡಲಿಲ್ಲ.
ಎರಡು ಪಾಯಿಂಟ್ ಬೆಳ್ಳಗೆ ಅಂದರು, ಮಾಡಿದೆ.
ಕತ್ತಿನ ಗೆರೆ, ಮೊಣಕೈ ಮಡಿಕೆ.
ಸೀರೆಯಲ್ಲೊಂದು ಗಂಟಿತ್ತು,
ಮಗ್ಗದಲ್ಲಿ ಕಡಿದ ಎಳೆಯನ್ನು ಯಾರೋ ಕೂಡಿಸಿದ್ದು. ಅದನ್ನೂ.

ಮೊನ್ನೆ ಶಿವಾಜಿನಗರ ಬಸ್ ನಿಲ್ದಾಣದ ಅಂಗಡಿಯಲ್ಲಿ
ಕ್ಲಿಪ್ಪಿಗೆ ತೂಗುತ್ತಿದ್ದಳು, ಒಂದೇ ಸಾಲಿಗೆ ಆರು ಸಲ.
ಎದುರು ನಿಂತ ಹುಡುಗಿಯೊಬ್ಬಳು
ತೋಳು ಮುಚ್ಚಿಕೊಂಡಳೋ, ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳೋ,
ನಾನೇ ಇಲ್ಲದ್ದನ್ನು ಓದುತ್ತಿರಬಹುದು.

ರಾತ್ರಿ ಲಿಂಗರಾಜಪುರದಿಂದ ಫೋನು.
"ಅಣ್ಣಾ, ಅಮ್ಮ ಮುಖಪುಟ ದಾಟಿ ಒಳಗೆಲ್ಲ ಹುಡುಕ್ತಿದಾಳೆ,
ನಿಂದು ಯಾವ ಪೇಜಲ್ಲಿದೆ ಅಂತ.
ನೀವು ಮುಟ್ಟೋಕೆ ಮುಂಚಿಂದು ಒಂದಿದ್ರೆ..."

ಕೊಡಬಾರದು. ನಾನು ಸಹಿ ಹಾಕಿದ ಕಾಗದದಲ್ಲಿದೆ.

ಪದರಗಳ ಪಟ್ಟಿ ತೆರೆದೆ. ಪ್ರತಿ ಪದರದ ಪಕ್ಕ ಒಂದು ಪುಟ್ಟ ಕಣ್ಣು,
ಒತ್ತಿದರೆ ಮುಚ್ಚುತ್ತದೆ.
ಒಂದು ಮುಚ್ಚಿದೆ, ಬಣ್ಣ ಬಂತು.
ಇನ್ನೊಂದಕ್ಕೆ ಸೊಂಟ ಉಸಿರುಬಿಟ್ಟಿತು.
ಬಾಗಿಲು ಮೊದಲಿನಿಂದಲೂ ನೆಟ್ಟಗೇ ಇತ್ತು.
ಗಂಟು. ಗೆರೆ. ಮಡಿಕೆ.
ಇಪ್ಪತ್ತಮೂರು ಕಣ್ಣು ಮುಚ್ಚಿದ ಮೇಲೆ
ತೋಳಿನ ಮೇಲೆ ಅದು, ದುಂಡಗೆ.

ಕಳಿಸಿದೆ.
ಫೈಲು ಭಾರ, ಹೋಗುವುದಕ್ಕೆ ಹೊತ್ತು ಹಿಡಿಯಿತು.