ಮೂರು ಎಂದವರು

ಸಂಜೆ ಐದರಿಂದ ಒಂಬತ್ತರವರೆಗೆ ನನ್ನ ಪಾಳಿ.
ಈರಿ ಪಟ್ಟಣದಲ್ಲೊಂದು ಮುಚ್ಚಿಹೋದ ಶೂ ಅಂಗಡಿಯ ಮಹಡಿ,
ಹದಿನಾಲ್ಕು ಮೇಜು, ಹದಿನಾಲ್ಕು ಫೋನು.
ಅಕ್ಟೋಬರಿನ ಗಾಳಿ ಸರೋವರದಿಂದೆದ್ದು ಬಂದು
ಕಿಟಕಿಯ ಗಾಜು ತಟ್ಟಿ, ಯಾರೂ ತೆರೆಯದೆ ಹಿಂದಿರುಗುತ್ತದೆ.
ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಈಗ ಪ್ರಶ್ನೆ ಓಡಿಸುತ್ತೇನೆ:

ಒಂದು ಎಂದರೆ ಕಟ್ಟಾ ಎಡ, ಐದು ಎಂದರೆ ಕಟ್ಟಾ ಬಲ.
ನಿಮ್ಮನ್ನು ನೀವು ಎಲ್ಲಿಡುತ್ತೀರಿ?

ಎಲ್ಲಿಡುತ್ತೀರಿ.
ಉಪ್ಪಿನ ಡಬ್ಬಿಯನ್ನೋ ಕನ್ನಡಕವನ್ನೋ ಇಟ್ಟಂತೆ.
ಕಾಗದದಲ್ಲಿ ಹಾಗೇ ಇದೆ, ಹಾಗೇ ಓದಬೇಕು.

ಒಂದು ಎನ್ನುವವರು ಬೇಗ ಎನ್ನುತ್ತಾರೆ,
ಐದು ಎನ್ನುವವರು ಪ್ರಶ್ನೆ ಮುಗಿಯುವ ಮೊದಲೇ.
ಮೂರು ಎನ್ನುವವರು
ಒಮ್ಮೆ ಉಸಿರೆಳೆದುಕೊಳ್ಳುತ್ತಾರೆ.

ಡೆಲ್ಮರ್ ಹ್ರಾಬಕ್, ಹಂದಿ ಸಾಕುವವನು, ಮೂರು ಎಂದ.
ಆಮೇಲೆ ಕೇಳದೆಯೇ ಹೇಳಿದ:
ಗಡಿಗೆ ಗೋಡೆ ಕಟ್ಟಲಿ, ಮೋಡ ಮುಟ್ಟುವಷ್ಟು;
ಆಸ್ಪತ್ರೆಯ ಬಿಲ್ಲನ್ನೂ ಸರ್ಕಾರವೇ ಕಟ್ಟಲಿ, ಒಂದು ಸೆಂಟು ಬಿಡದೆ.
ಐದನ್ನೂ ಒಂದನ್ನೂ ಕೂಡಿಸಿ ಎರಡರಿಂದ ಭಾಗಿಸಿದೆ,
ಅವನು ಎಂದೂ ಕಾಲಿಡದ ಜಾಗದಲ್ಲಿ
ಅವನ ಹೆಸರು ಬಂದು ಕೂತಿತು.

ವಿನೋನಾ ಟ್ರಸ್ಕಾಟ್: ‘ಮೂರು ಹಾಕ್ಕೊಳ್ಳಮ್ಮ,
ಸೂಪು ತಳ ಹಿಡೀತಿದೆ.’

ಮೊದಲ ಓಟಿನ ಹುಡುಗನೊಬ್ಬ ಪಿಸುಗುಟ್ಟಿದ:
‘ಅಪ್ಪ ಪಕ್ಕದ ಕೋಣೆಯಲ್ಲಿದ್ದಾನೆ.
ಮೂರು ಅಂತ ಬರೀರಿ.’
ಬರೆದೆ.

ಇಬ್ಬರೂ ಕಳ್ಳರೇ, ಅದಕ್ಕೆ ಎಷ್ಟನೇ ನಂಬರು? ಎಂದಳೊಬ್ಬಳು.
ಅದು ಪಟ್ಟಿಯಲ್ಲಿಲ್ಲ.
ಅವಳೂ ಮೂರೇ.

ಶುಕ್ರವಾರ ಕಂಪನಿಯ ಹುಡುಗ ನಕ್ಷೆ ತೋರಿಸಿದ,
ನಡುವೆ ಉಬ್ಬಿದ ನೀಲಿ ಗುಡ್ಡ.
‘ನೋಡಿ, ನಲವತ್ತೊಂದು ಪರ್ಸೆಂಟು! ದೇಶ ಇರುವುದೇ ಇಲ್ಲಿ.’
ಆ ಗುಡ್ಡದ ಮೇಲೆ
ಹಂದಿಯವನು, ಸುಟ್ಟ ಸೂಪು, ಹೆದರಿದ ಹುಡುಗ
ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತದ್ದು
ನನಗೆ ಮಾತ್ರ ಕಂಡಿತು.

ನನ್ನ ತಂಗಿ ಡಾರ್ಲೀನ್ ಎಂದಿನಿಂದಲೂ ಒಂದು.
‘ಮಧ್ಯದವರಂತೆ! ಅಡ್ಡಗೋಡೆಯ ಮೇಲೆ ದೀಪ ಇಡುವವರು’ ಎನ್ನುತ್ತಾಳೆ.
ಇರಬಹುದು.
ಆದರೆ ಗೋಡೆ ಎದ್ದ ಮೇಲೆ, ಡಾರ್ಲೀನ್,
ಎರಡು ಕೋಣೆಗೂ ಇರುವುದೊಂದೇ ದೀಪವಾದರೆ
ಎಲ್ಲಿಡುತ್ತೀಯ?

ಹದಿನೇಳನೇ ನಂಬರಿನ ಬಸ್ಸು ನೆನಪಾಗುತ್ತದೆ.
ಎಡಕ್ಕೆ ಹನ್ನೆರಡು ಸೀಟು, ಬಲಕ್ಕೆ ಹನ್ನೆರಡು,
ಎರಡೂ ಬದಿಯವರಿಗೆ ಜಗಳಕ್ಕೆ ಯಾವ ಕಾರಣವೂ ಬೇಕಿರಲಿಲ್ಲ.
ನಡುವಿನ ಓಣಿಯಲ್ಲಿ ಯಾರೂ ಕೂರುವಂತಿಲ್ಲ, ಅದು ನಿಯಮ.
ಸಂಜೆ ಪೊರಕೆ ಹಿಡಿದು ನಾನೊಬ್ಬಳೇ ನಡೆಯುತ್ತಿದ್ದೆ ಅಲ್ಲಿ:
ಒಂಟಿ ಕೈಗವಸು, ಕಿತ್ತಳೆ ಸಿಪ್ಪೆ,
ಕಾಗದದಲ್ಲಿ ಸುತ್ತಿದ ಒಂದು ಹಾಲುಹಲ್ಲು.
ಕೂರಲಿಕ್ಕಲ್ಲದ ಜಾಗ, ಹೌದು.
ಅದನ್ನು ತುಳಿಯದೆ ಯಾವ ಮಗುವೂ ಮನೆಗೆ ಇಳಿದದ್ದಿಲ್ಲ.

ಹೋಲಿಕೆ ಚೆನ್ನಾಗಿದೆ ಅಂತ ನನಗೇ ಅನಿಸಿ
ಅನುಮಾನ ಬಂತು.
ಬಸ್ಸಿಗೆ ಹೋಗಬೇಕಾದ ಊರು ಗೊತ್ತಿತ್ತು.

ಎಂಟು ಐವತ್ತೆರಡು. ಕೊನೆಯ ಕರೆ.
ಆರ್ವಿಲ್ ಟಿಬೆಟ್ಸ್, ಎಂಬತ್ತಮೂರು ವರ್ಷ, ಒಂದು ಕಾಲಕ್ಕೆ
ಕೌಂಟಿ ರಸ್ತೆಗಳ ಇನ್‌ಸ್ಪೆಕ್ಟರು.
ಪ್ರಶ್ನೆಯನ್ನು ಎರಡು ಸಲ ಓದಿಸಿಕೊಂಡ.
‘ನಾನು ಮೂರಾಗಿದ್ದೆ’ ಎಂದ.
‘ನಲವತ್ತು ವರ್ಷದಿಂದ ಒಂದು ಹೆಜ್ಜೆ ಕದಲಿಲ್ಲ.
ಅಳತೆಪಟ್ಟಿ ಹಿಡಿದವರು ನೀವು.
ಈಗ ಎಷ್ಟಾಗಿದ್ದೇನೆ, ಹೇಳು.’

ಸುಳಿವು ಕೊಡಬಾರದು,
ಕಾಗದದಲ್ಲಿ ದಪ್ಪಕ್ಷರದಲ್ಲಿದೆ.
ಅವನ ಕಡೆಯಲ್ಲಿ ನಾಯಿಯೊಂದು
ನೀರು ನೆಕ್ಕುತ್ತಿತ್ತು, ಅವಸರವಿಲ್ಲದೆ.
ನನ್ನ ಬೆರಳು ಗುಂಡಿಗಳ ಮೇಲೆ,
ಯಾವುದನ್ನೂ ಒತ್ತದೆ.