ಫ್ಯಾನಿನೊಳಗಿನ ಎಳೆ

ಮೊದಲು ನವಿಲಿನ ಕತ್ತು ತಿರುಗಲು ತಡವಾಯಿತು.
ಒಂದು ಚುಕ್ಕಿ ಇಟ್ಟು, ಕಾಫಿ ಲೋಟ ತೊಳೆದು ಬಂದರೆ
ಆಗ ಮೂಡುತ್ತಿತ್ತು ಚುಕ್ಕಿ,
ಅಂಗಡಿಯವರು ಹಳೆ ಬಾಕಿ ತೀರಿಸುವ ಹಾಗೆ.
ಸೋಮವಾರ ಎರಡು ಸಲ ತಾನೇ ಆರಿಹೋಯಿತು.
ಮಂಗಳವಾರ ಬಾಣದ ಗುರುತು ತಾನೇ ನಡೆಯತೊಡಗಿತು
ನನ್ನ ಕೈ ಮಡಿಲಲ್ಲಿರುವಾಗಲೇ.

ಕಬ್ಬನ್‌ಪೇಟೆಯ ಅಡ್ಡರಸ್ತೆ. ಕೆಳಗೆ ಆರು ಮಗ್ಗ, ಮೇಲೆ ನಾನು.
ಗೋಡೆ ನಡುಗುತ್ತದೆ, ನಡುಗುವುದೇ ಇಲ್ಲಿ ಗೋಡೆಯ ಕೆಲಸ;
ಹಾಗಾಗಿ ತೆರೆ ನಡುಗಿದ್ದು ಎರಡು ದಿನ ತಿಳಿಯಲೇ ಇಲ್ಲ.
ಸೀರೆಯ ಅಂಚು ಬರೆಯುವವಳು ನಾನು, ಚೌಕಕ್ಕೊಂದು ಚುಕ್ಕಿ.
ಬರೆದದ್ದು ಕೆಳಗೆ ಜಕಾರ್ಡಿನ ಹಲ್ಲಿಗೆ ಸಿಕ್ಕಿ
ಯಾರದೋ ಧಾರೆಯ ಸೀರೆಯಾಗುತ್ತದೆ.

ಒಬ್ಬೊಬ್ಬರೂ ಒಂದೊಂದು ಮದ್ದು ಹೇಳಿದರು,
ಬಿಕ್ಕಳಿಕೆಗೆ ಹೇಳುವ ಹಾಗೆ.
ಆರಿಸಿ ಹಾಕು ಅಂದರು ಮಗ್ಗದ ಗಂಗಹನುಮಯ್ಯ;
ಮಗ್ಗಕ್ಕೂ, ನೀರಿನ ಮೋಟರಿಗೂ, ಅಳಿಯನಿಗೂ ಅವರದ್ದು ಒಂದೇ ಮದ್ದು.
ವೈರಸ್ಸು ಅಂದ ಪಕ್ಕದ ಮನೆಯ ತೇಜು,
ಮನೆಗೆ ಹಾವು ಬಂದಿದೆ ಅನ್ನುವ ಹಿಗ್ಗಿನಲ್ಲಿ.
ಇಡೀ ರಾತ್ರಿ ಸ್ಕ್ಯಾನ್ ಓಡಿಸಿದೆ. ಸಿಕ್ಕಿದ್ದು ಸೊನ್ನೆ.
ಬೇಡದ್ದನ್ನೆಲ್ಲ ಅಳಿಸಿದೆ: ಹಳೆ ಕರೆಂಟ್ ಬಿಲ್ಲು,
ಯಾರೂ ಒಪ್ಪದ ಹಂಸ, ನಲವತ್ತು ಬಗೆಯ ಮಾವಿನಕಾಯಿ ಬುಟ್ಟಾ,
ಚಿಕ್ಕಮ್ಮನ ಗೃಹಪ್ರವೇಶ
(ಅದನ್ನು ಮತ್ತೆ ಕಸದಬುಟ್ಟಿಯಿಂದ ಎತ್ತಿಕೊಂಡೆ).
ಟಾಸ್ಕ್ ಮ್ಯಾನೇಜರ್ ತೆರೆದರೆ
ಯಾರೂ ಹೆಚ್ಚು ತಿನ್ನುತ್ತಿರಲಿಲ್ಲ.
ಆದರೂ ಮೈ ಸುಡುತ್ತಿತ್ತು.

ಬುಧವಾರ ಸೀರೆ ಅಂಗಡಿಯ ಕೈಚೀಲದಲ್ಲಿಟ್ಟು
ಎಸ್.ಪಿ. ರೋಡಿಗೆ ನಡೆದೆ.
ಕೈಗಾಡಿ, ಕೇಬಲ್ಲಿನ ಸುರುಳಿ,
‘ಏನ್ ಬೇಕು ಮೇಡಂ’ ಎಂದು ಅಡ್ಡ ಬರುವ ಹುಡುಗರು, ಎಲ್ಲ ದಾಟಿ
ಕತ್ತಲೆ ಮೆಟ್ಟಿಲಿನ ಮೇಲೆ ಅಫ್ರೋಜ್ ಅವರ ನಾಲ್ಕಡಿ ಅಂಗಡಿ.

ಅವರು ಆನ್ ಮಾಡಲಿಲ್ಲ.
ಮೇಜಿನ ಮೇಲಿಟ್ಟು, ಕೇರಂ ಆಡುವವರ ಹಾಗೆ
ಕಣ್ಣುಮಟ್ಟಕ್ಕೆ ಬಗ್ಗಿ ನೋಡಿದರು.
‘ಅಕ್ಕಾ, ಇದು ಸರಿಯಾಗಿ ಕೂತಿಲ್ಲ. ಹೊಟ್ಟೆ ಬಂದಿದೆ.’
ಹತ್ತು ತಿರುಪು. ಒಂದು ಹಠ ಮಾಡಿತು.
ಒಳಗೆ ಬ್ಯಾಟರಿ ಪೂರಿಯಂತೆ ಉಬ್ಬಿ
ಕೆಳಗಿನಿಂದ ಟಚ್‌ಪ್ಯಾಡನ್ನು ಒತ್ತುತ್ತಿತ್ತು.
ದೆವ್ವ ಅಂದುಕೊಂಡಿದ್ದೆ; ಅಜೀರ್ಣ.

ಆಮೇಲೆ ಫ್ಯಾನು.
ಚಿಮುಟದಲ್ಲಿ ಎಳೆದರು. ಇನ್ನೂ ಎಳೆದರು.
ಬೆರಳುದ್ದದ ಕಂಬಳಿಯೊಂದು ಹೊರಬಂತು.
‘ಜಿರಲೆ ತೆಗೆದಿದ್ದೀನಿ, ಕೂದಲು ತೆಗೆದಿದ್ದೀನಿ,
ಊದುಬತ್ತಿ ಬೂದಿ ತೆಗೆದಿದ್ದೀನಿ. ಇದೇನಕ್ಕಾ, ಹೊಳೀತಿದೆ?’

ರೇಷ್ಮೆ.
ಮಗ್ಗಗಳು ದಿನವೂ ಉಗುಳಿದ್ದು,
ಮೆಟ್ಟಿಲು ಹತ್ತಿ ಬಂದು ಗಾಳಿಯೊಡನೆ ಒಳಹೊಕ್ಕಿದ್ದು.
ದೀಪದಡಿ ಹಿಡಿದು ಪದರ ಪದರ ಗುರುತಿಸಿದೆ:
ಮೇಲಿನದು ಈ ಸಲದ ಅರಿಶಿನ,
ಅದರಡಿ ಗಿಳಿಹಸಿರು, ಮಂಡ್ಯದ ಮದುವೆಯದು,
ಅದರಡಿ ಯಾರೂ ಕೊಳ್ಳದ ಬದನೆ ಬಣ್ಣ,
ತಳದಲ್ಲಿ ಬರೀ ಬೂದು ಧೂಳು,
ಮಗ್ಗ ನಿಂತಿದ್ದ ತಿಂಗಳುಗಳದು.
ಲೆಕ್ಕದ ಪುಸ್ತಕದಲ್ಲಿ ನಾನು ಬಿಟ್ಟಿದ್ದನ್ನೂ ಅದು ಬರೆದಿಟ್ಟಿತ್ತು.

‘ನೀವೂ ಅಲ್ಲೇ ಕೂರೋದಾ, ಅಕ್ಕಾ?’
ನಾನು ಕೆಮ್ಮಿದೆ. ಉತ್ತರವೆಂದಲ್ಲ.

ಎರಡು ಸಾವಿರದ ಎಂಟುನೂರು. ಚೌಕಾಸಿಗೆ ಮುನ್ನೂರು ಇಳಿಯಿತು.
ಹಳೆ ಬ್ಯಾಟರಿ ಮರಳಿನ ಬಕೆಟ್ಟಿಗೆ ಹೋಯಿತು,
ಹೊಸದು ಚಪ್ಪಟೆಯಾಗಿ, ಸಭ್ಯವಾಗಿ ಕೂತಿತು.

ಮನೆಗೆ ಬಂದು ತೆರೆದೆ. ಕೇಳುವ ಮೊದಲೇ ನವಿಲು ತಿರುಗಿತು.
ಹತ್ತಿರ ತಂದು ನೋಡಿದರೆ ಕಣ್ಣಿನ ಕೆಳಗೆ
ನಾನಿಡದ ಒಂದು ಚುಕ್ಕಿ. ಮಂಗಳವಾರದ್ದು.
ಮೆಟ್ಟಿಲು ಎರಡೆರಡು ಹಾರಿ ಇಳಿದೆ.
ಮೂರು ಸೀರೆ ಆಗಲೇ ಮಗ್ಗದಿಂದ ಇಳಿದಿದ್ದವು.
‘ನಿಲ್ಸಾ?’ ಗಂಗಹನುಮಯ್ಯನವರ ಕೈ ಗುಂಡಿಯ ಮೇಲಿತ್ತು.

ಸೆರಗನ್ನು ಬೆಳಕಿಗೆ ಹಿಡಿದೆ.
ಜರಿಯ ಚುಕ್ಕಿ, ಎಳ್ಳಿನಷ್ಟು.
ನಾನೇನೋ ಅಂದೆ. ಆ ಸದ್ದಿನಲ್ಲಿ ಅವರಿಗೆ ಏನು ಕೇಳಿಸಿತೋ,
ಕೈ ತೆಗೆದರು,
ನಾಲ್ಕನೆಯದು ಶುರುವಾಯಿತು.