ಗೇಣುದ್ದದ ಎಳೆ

ಆವುಲಪ್ಪನವರ ಹೊಸ ರೈಫಲ್ಲು
ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮದರಾಸಿನಿಂದ ರೈಲಿಳಿದ ವರ್ಷ
ಶಿಡ್ಲಘಟ್ಟದಲ್ಲಿ ಗೂಡಿಗೆ ಒಳ್ಳೆಯ ರೇಟು.
ತಲಕಾಯಲಬೆಟ್ಟದ ತಪ್ಪಲಲ್ಲಿ
ಬಂಡೆಗೆ ಒಂದು ಮುರುಕು ಚಂದ್ರಿಕೆ ಒರಗಿಸಿದರು.
ಹುಳು ಗೂಡು ಕಟ್ಟುವ ಬಿದಿರಿನ ಸುರುಳಿ,
ನಟ್ಟನಡುವೆ ಸುಣ್ಣದ ಬೊಟ್ಟು.
ಒಂದು ಗುಂಡು ಎಡಕ್ಕೆ, ಒಂದು ಮೇಲಕ್ಕೆ,
ಮೂರನೆಯದು ಎಲ್ಲಿ ಹೋಯಿತೋ
ಬೆಟ್ಟವೇ ಹೇಳಬೇಕು.

ಗಡಿಯಾರದ ವೆಂಕೋಜಿ ಕೋವಿಯನ್ನು ಮಂಚದ ಮೇಲೆ ಮಲಗಿಸಿ
ನಳಿಕೆಗೂ ಮರಕ್ಕೂ ನಡುವೆ
ಬೀಡಿಕಟ್ಟಿನ ಕಾಗದ ತೂರಿಸಿದ.
ತುದಿಯಿಂದ ಸರಾಗ ಜಾರಿತು,
ಇನ್ನು ನಾಲ್ಕು ಬೆರಳಿದೆ ಅನ್ನುವಾಗ ಕಚ್ಚಿಕೊಂಡಿತು.
"ಇಲ್ಲಿ. ನಳಿಕೆ ಕಾದರೆ ಮರ ಅದನ್ನು ನೂಕುತ್ತೆ."
ಬಡಗಿ ಮುನಿಕದಿರಪ್ಪ ಗಾಜಿನ ಚೂರಲ್ಲಿ ಅರ್ಧ ದಿನ ಕೆರೆದ,
ಊದಿದ, ಮತ್ತೆ ಕೆರೆದ.
ಗುಂಡುಗಳು ಹತ್ತಿರ ಬಂದವು,
ಜಗಳ ಮುಗಿಸಿದ ಓರಗಿತ್ತಿಯರ ಹಾಗೆ
ನಡುವೆ ಅಂಗೈ ಜಾಗ ಬಿಟ್ಟು.

ಅಷ್ಟರಲ್ಲಿ ಒದೆತಕ್ಕೆ
ದುರ್ಬೀನಿನೊಳಗಿನ ಅಡ್ಡತಂತಿ ಹರಿಯಿತು.

ವೆಂಕೋಜಿ ನನ್ನ ಚರಕದ ಶೆಡ್ಡಿಗೆ ಬಂದ.
"ಬಾಬಾಜಾನ್, ಒಂದು ಗೇಣು ಎಳೆ ಬೇಕು.
ಎಂಟು ಕೂಡಿಸಿದ ನೂಲಲ್ಲ. ಒಂಟಿ."
ನಗು ಬಂತು. ಸೇರಿನ ಲೆಕ್ಕದಲ್ಲಿ ಮಾರುವವನು ನಾನು,
ನಮ್ಮ ಕಸುಬಿನಲ್ಲಿ ಒಂಟಿ ಎಳೆ ಅಂದರೆ
ಯಾವುದೋ ಹರಿದಿದೆ ಅಂತ ಅರ್ಥ.

ಗೂಡಿನ ಬುಟ್ಟಿಯಲ್ಲಿ ಕೈಯಾಡಿಸಿ
ಗಟ್ಟಿ ಸೊಂಟದ ಒಂದನ್ನು ಆರಿಸಿದೆ.
ಕುದಿಯುವ ಬಾಣಲೆಯಲ್ಲಿ ತುದಿ ಹುಡುಕಿದೆ.
ಬೆಂದೂ ಬೆಂದೂ ನನ್ನ ಬೆರಳಲ್ಲಿ ಗೆರೆಗಳಿಲ್ಲ,
ಹೆಬ್ಬೆಟ್ಟು ಒತ್ತಿದರೆ ಬರೀ ಮಸಿ,
ಆದರೂ ಕಣ್ಣಿಗೆ ಸಿಗದ್ದು ಅವಕ್ಕೆ ಸಿಗುತ್ತದೆ.

ಮೊದಲ ಎಳೆ ಎರಡನೇ ಗುಂಡಿಗೇ ಹೋಯಿತು.
"ಒಣಗಿದ್ದನ್ನು ಎಳೆದು ಬಿಗಿದಿದ್ದೀಯ," ಅಂದೆ.
"ಒದ್ದೆಯಲ್ಲಿ ಸುಮ್ಮನೆ ಇಡು.
ಒಣಗುತ್ತಾ ಅದೇ ಬಿಗಿದುಕೊಳ್ಳುತ್ತೆ."
ವೆಂಕೋಜಿ ಕಣ್ಣಿಗೆ ಭೂತಗಾಜು ಸಿಕ್ಕಿಸಿ
ಚಿಮಟದಲ್ಲಿ ಅರಗಿನ ಹನಿ ಇಡುವಾಗ
ಚರಕ ತಿರುಗಿಸುವ ಹುಡುಗ ಕೂಡ ಉಸಿರು ಹಿಡಿದಿದ್ದ.

ಮಾರನೆಯ ಬೆಳಿಗ್ಗೆ, ಗಾಳಿ ಏಳುವ ಮೊದಲು,
ಮೂರು ಗುಂಡು.
ಒಂದು ರೂಪಾಯಿ ನಾಣ್ಯ ಇಟ್ಟರೆ ಮೂರೂ ಮುಚ್ಚಿದವು.
ಆವುಲಪ್ಪ ಮಾತಾಡಲಿಲ್ಲ. ನಶ್ಯ ಏರಿಸಿ,
"ನೋಡು, ನಿನ್ನದೇ," ಎಂದು ಕೋವಿ ಕೊಟ್ಟರು.

ಹಗ್ಗದಷ್ಟು ದಪ್ಪ ಕಂಡಿತು ನನ್ನ ಎಳೆ.
ಅದರಾಚೆ ಬಂಡೆಯ ಮೇಲೆ ಒಂದು ಓತಿಕ್ಯಾತ
ಗಂಟಲುಬ್ಬಿಸಿ ಬಿಸಿಲು ಕಾಯುತ್ತಿತ್ತು.
ಎಳೆ ಅಲುಗಲಿಲ್ಲ. ಓತಿಕ್ಯಾತವೂ.
ಅಲುಗುತ್ತಿದ್ದದ್ದು ನಾನು,
ಎದೆ ಬಡಿದಷ್ಟು ಸಲ.
ಕಣ್ಣು ತೆಗೆದುಬಿಟ್ಟೆ.

ಎಷ್ಟಾಯಿತು ಅಂದರು. ಏನು ಹೇಳಲಿ?
ಅದೇ ಗೂಡಿನ ಉಳಿದದ್ದು,
ಇಲ್ಲಿಂದ ಪೋಸ್ಟಾಫೀಸಿನವರೆಗೆ ಹಾಸುವಷ್ಟು,
ಬೇರೆ ಏಳರ ಜೊತೆ ಸೇರಿ
ಯಾರದೋ ಸೀರೆಯ ಸೆರಗಿಗೆ ಹೋಗಿಯಾಗಿತ್ತು.

ದುಡ್ಡಿನ ಬದಲು ಒಂದು ದಿನ ಜಿಂಕೆಯ ತೊಡೆ ಬಂತು,
ಮುತ್ತುಗದ ಎಲೆಯಲ್ಲಿ ಸುತ್ತಿ.
"ಕೊಯ್ದದ್ದು ಯಾರು?" ಹಫೀಜಾ ಕೇಳಿದಳು.
ಗುಂಡಿಗೇ ಸತ್ತಿತ್ತೋ, ಚೂರಿ ಮುಟ್ಟಿದಾಗ ಉಸಿರಿತ್ತೋ,
ನಾನು ಅಲ್ಲಿರಲಿಲ್ಲ.
ಅಥವಾ ಗೇಣುದ್ದ ಇದ್ದೆ.
ಅವಳು ಅದನ್ನು ಪಕ್ಕದ ಮನೆಗೆ ಕೊಟ್ಟು
ಕೈ ತೊಳೆದು ಬಂದಳು.

ಆಮೇಲೆ ಷಿಕಾರಿಗೆ ಕಾನೂನು ಅಡ್ಡ ಬಂತು,
ಆವುಲಪ್ಪ ಹೋದರು, ಕೋವಿ ಠಾಣೆಯಲ್ಲಿ ಜಮಾ ಆಯಿತು.
ಬೀಗ ಹಾಕಿದ ಬೀರುವಿನೊಳಗೆ
ಎರಡು ಕಡೆ ಟೋಪಿ ಮುಚ್ಚಿದ ಕೊಳವೆ.

ಈಗಲೂ ಮೋಡ ಕವಿದ ದಿನ
ಠಾಣೆಯ ಮುಂದೆ ಸೈಕಲ್ಲು ತಳ್ಳಿಕೊಂಡು ಹೋಗುವಾಗ
ಗಾಳಿಯ ತೇವವನ್ನು ಬೆರಳಲ್ಲಿ ಉಜ್ಜಿ ನೋಡುತ್ತೇನೆ.
ಇವತ್ತು ಒಂಚೂರು ಸಡಿಲಾಗಿರಬೇಕು.